ಕೌ, ಬೀಫ್, ಮಟನ್: ಹೆಸರು ಬೇರೆಯಾದ ಬಗೆ

ಇಂಗ್ಲಿಷಿನಲ್ಲಿ ಹಸು ಕೊಟ್ಟಿಗೆಯಲ್ಲಿದ್ದರೆ ಕೌ, ತಟ್ಟೆಗೆ ಬಂದರೆ ಬೀಫ್. ಕುರಿ ಶೀಪ್, ಅದರ ಮಾಂಸ ಮಟನ್. ಹಂದಿ ಪಿಗ್, ಮಾಂಸ ಪೋರ್ಕ್. ಇದಕ್ಕೆ ಎಲ್ಲೆಡೆ ಕೇಳಿಬರುವ ವಿವರಣೆ ಒಂದೇ: 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು, ದನ ಮೇಯಿಸಿದವರ ಮಾತು ಇಂಗ್ಲಿಷ್, ಮಾಂಸ ಉಂಡವರ ಮಾತು ಫ್ರೆಂಚ್. ಗಣಿತಜ್ಞ ಜಾನ್ ವಾಲಿಸ್ 1653ರ ತಮ್ಮ ವ್ಯಾಕರಣದಲ್ಲೇ ಈ ಮಾತು ಎತ್ತಿದ್ದರು. 1819ರ ಕೊನೆಗೆ ಹೊರಬಂದ ವಾಲ್ಟರ್ ಸ್ಕಾಟ್ ಅವರ ‘ಐವಾನ್‌ಹೋ’ ಕಾದಂಬರಿಯಲ್ಲಿ ವಿದೂಷಕನೊಬ್ಬ ಹಂದಿ ಕಾಯುವವನಿಗೆ ಇದನ್ನೇ ವಿವರಿಸುತ್ತಾನೆ. ಅಲ್ಲಿಂದ ಈ ವಿವರಣೆ ಜನಪ್ರಿಯವಾಯಿತು. ಇದರಲ್ಲಿ ನಿಜವಿದೆ, ಆದರೆ ಇಷ್ಟೇ ನಿಜವಲ್ಲ.

ಮೊದಲಿಗೆ, ಆಳುವವರದು ಮತ್ತು ಆಳಿಸಿಕೊಂಡವರದು ಎಂದು ಎದುರುಬದುರು ನಿಲ್ಲಿಸುವ ಈ ಪದಗಳಲ್ಲಿ ಕೆಲವು ಒಂದೇ ಬಳ್ಳಿಯವು. ಬೀಫ್‌ಗೆ ಮೂಲವಾದ ಲ್ಯಾಟಿನ್ನಿನ ‘ಬೋಸ್’, ಹಳೆಯ ಇಂಗ್ಲಿಷಿನ ‘ಕೂ’, ಸಂಸ್ಕೃತದ ‘ಗೋ’ ಮೂರೂ ದಾಯಾದಿಗಳು. ನಮ್ಮ ‘ಗೋವು’ ಆ ಬಳಗದ್ದು, ‘ಆಕಳು’ ದ್ರಾವಿಡದ್ದು. ಹಂದಿ ಮರಿ ಹಾಕುವುದಕ್ಕೆ ಇಂಗ್ಲಿಷ್ ರೈತ ಹೇಳುವ ‘ಫ್ಯಾರೋ’, ಅಡುಗೆಮನೆಯ ‘ಪೋರ್ಕ್’ ಎರಡಕ್ಕೂ ಬೇರು ಒಂದೇ. ಇನ್ನೂ ಸೊಗಸಾದದ್ದು ಕರುವಿನ ಮಾಂಸಕ್ಕಿರುವ ‘ವೀಲ್’. ಬೀಜ ಒಡೆಸಿದ ಟಗರಿಗೆ ಹೇಳುವ ‘ವೆದರ್’, ಸಂಸ್ಕೃತದ ‘ವತ್ಸ’ ಎರಡೂ ಅದರ ಒಡಹುಟ್ಟು. ಮೂರರ ಬೇರಿನಲ್ಲಿರುವುದು ‘ವರ್ಷ’ ಎಂಬ ಅರ್ಥ. ಒಂದು ವರ್ಷದ ಮರಿ ಅಂತಲೇ ಹುಟ್ಟಿದ ಪದಗಳು. ‘ಕ್ಯಾಟಲ್’ ಅಂತೂ ಮೊದಲು ಪ್ರಾಣಿಯ ಹೆಸರೇ ಅಲ್ಲ. ಕ್ಯಾಪಿಟಲ್, ಅಂದರೆ ಬಂಡವಾಳ, ಅದರ ಸೋದರ ಪದ. ಚರಾಸ್ತಿಗೆಲ್ಲ ಅದೇ ಹೆಸರಿತ್ತು. ಕನ್ನಡದಲ್ಲಿ ‘ಧನ’ ‘ದನ’ವಾದದ್ದೂ ಇದೇ ದಾರಿಯಲ್ಲಿ.

ಎರಡನೆಯದಾಗಿ, ನಾರ್ಮನ್ನರು ಬಂದ ಮರುದಿನವೇ ಪದಗಳು ಹಂಚಿಹೋಗಲಿಲ್ಲ. ಶೇಕ್ಸ್‌ಪಿಯರನ ನಾಟಕದ ಪಾತ್ರ ಶೈಲಾಕ್ ‘ಮಟನ್‌ಗಳ, ಬೀಫ್‌ಗಳ, ಆಡುಗಳ ಮಾಂಸ’ ಎನ್ನುತ್ತಾನೆ. ಗೆಲುವಿಗೆ ಐನೂರು ವರ್ಷವಾದ ಮೇಲೂ ಅವು ಜೀವಂತ ಪ್ರಾಣಿಗಳ ಹೆಸರೇ. ಫ್ರೆಂಚಿನ ಮೂಲದಲ್ಲೂ ಮಟನ್ ಎಂದರೆ ಕುರಿಯೇ. ಅದರ ಹಿಂದಿರುವ ಕೆಲ್ಟಿಕ್ ಪದದ ಬಳಗದಲ್ಲಿ ಬೀಜ ಒಡೆಸಿದ ಟಗರು ಎಂಬ ಅರ್ಥವಿದೆ. ಸ್ಯಾಮ್ಯುಯೆಲ್ ಜಾನ್ಸನ್ 1755ರ ನಿಘಂಟಿನಲ್ಲಿ ಮಟನ್‌ಗೆ ಕುರಿ ಎಂಬ ಅರ್ಥ ತಮಾಷೆಯ ಮಾತಿನಲ್ಲಿ ಮಾತ್ರ ಉಳಿದಿದೆ ಎಂದು ಬರೆದರು. ಅಂದರೆ ಗೆರೆ ಪಕ್ಕಾ ಆಗಲು ಶತಮಾನಗಳೇ ಬೇಕಾದವು. ಲ್ಯಾಂಬ್, ಚಿಕನ್, ಗೂಸ್‌ಗಳಿಗೆ ಕೊಟ್ಟಿಗೆಗೂ ತಟ್ಟೆಗೂ ಒಂದೇ ಹೆಸರು ಯಾಕೆ ಉಳಿಯಿತು ಎಂಬುದಕ್ಕೆ ಒಡೆಯ–ಆಳು ಕತೆಯಲ್ಲಿ ಉತ್ತರವಿಲ್ಲ.

ಇಷ್ಟೆಲ್ಲ ಚರ್ಚೆ ತಟ್ಟೆಯ ಸುತ್ತ ನಡೆಯುವಾಗ ಕೊಟ್ಟಿಗೆಯ ಪದಗಳತ್ತ ಗಮನ ಹೋಗುವುದೇ ಇಲ್ಲ. ನಿಖರತೆ ಇರುವುದು ಅಲ್ಲಿ. ಈಯದ ಕಡಸು ‘ಹೆಫರ್’. ಈದ ಮೇಲೆಯೇ ‘ಕೌ’. ಬೀಜದ ಗೂಳಿ ‘ಬುಲ್’. ಮಾಂಸಕ್ಕಾಗಿ ಬೆಳೆಸುವ, ಬೀಜ ಒಡೆಸಿದ ಹೋರಿ ‘ಸ್ಟಿಯರ್’. ನೊಗಕ್ಕೆ ಪಳಗಿದ ಎತ್ತು ‘ಆಕ್ಸ್’. ಹಂದಿಯಲ್ಲಿ ಮರಿ ಹಾಕದ ಹೆಣ್ಣು ‘ಗಿಲ್ಟ್’, ಹಾಕಿದ್ದು ‘ಸೋ’. ಎಲ್ಲಕ್ಕೂ ಕೌ ಎಂದರೆ ಹಾಲು ಕೊಡುವುದೋ ಇಲ್ಲವೋ, ಗಬ್ಬವಾಗಬಲ್ಲದೋ ಇಲ್ಲವೋ ಎಂಬ ಮಾಹಿತಿಯೇ ಕಳೆದುಹೋಗುತ್ತದೆ.

ಕುರಿಯಲ್ಲಿ ಹೆಸರನ್ನು ಹಲ್ಲು ನಿರ್ಧರಿಸುತ್ತದೆ. ಕುರಿಗೆ ಬಾಚಿಹಲ್ಲು ಕೆಳದವಡೆಯಲ್ಲಿ ಮಾತ್ರ, ಒಟ್ಟು 8; ಮೇಲೆ ಗಟ್ಟಿ ವಸಡು. ಹಾಲುಹಲ್ಲು ಬಿದ್ದು ಮೊದಲ ಜೋಡಿ ಶಾಶ್ವತ ಹಲ್ಲು ಬರುವುದು ಸುಮಾರು 12ರಿಂದ 18 ತಿಂಗಳಿಗೆ. ಎರಡು ವರ್ಷದ ಹೊತ್ತಿಗೆ 4, ನಾಲ್ಕು ವರ್ಷದ ಹೊತ್ತಿಗೆ ಎಂಟೂ ಬಂದು ಬಾಯಿಗೂಡುತ್ತದೆ. ಶಾಶ್ವತ ಹಲ್ಲಿಲ್ಲದ್ದು ಲ್ಯಾಂಬ್, ಎರಡು ಹಲ್ಲಿನದು ಹಾಗೆಟ್, ಅದಕ್ಕೂ ಬಲಿತದ್ದು ಮಟನ್. ತೊಡಕು ಏನೆಂದರೆ ಹಲ್ಲು ಕ್ಯಾಲೆಂಡರ್ ನೋಡಿ ಹುಟ್ಟುವುದಿಲ್ಲ. ತಳಿ, ಮೇವು ನೋಡಿಕೊಂಡು ತಿಂಗಳುಗಟ್ಟಲೆ ಹಿಂದುಮುಂದಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಹಲ್ಲು ವಸಡು ಸೀಳಿದ ದಿನವೇ ಲ್ಯಾಂಬ್ ಹೆಸರು ಹೋಗಿ ರೈತನಿಗೆ ದರ ಬೀಳುತ್ತಿತ್ತು. 2019ರ ಜುಲೈ 1ರಿಂದ ಅಲ್ಲಿ ವ್ಯಾಖ್ಯೆ ಬದಲಾಯಿತು: 12 ತಿಂಗಳೊಳಗಿನದು ಲ್ಯಾಂಬ್, ವಯಸ್ಸು ಮೀರಿದ್ದರೂ ಶಾಶ್ವತ ಬಾಚಿಹಲ್ಲು ಪೂರ್ತಿ ಬೆಳೆದು ಬಳಕೆಗೆ ಬಾರದಿದ್ದರೆ ಲ್ಯಾಂಬ್. ಒಂದು ಪದಕ್ಕೆ ಕೆಲವು ವಾರಗಳ ಉಸಿರು ಕೊಟ್ಟ ಒಳ್ಳೆಯ ತಿದ್ದುಪಡಿ ಅದು.

ಇವೇ ಪದಗಳು ನಮ್ಮಲ್ಲಿಗೆ ಬಂದಾಗ ಅರ್ಥ ಇನ್ನೊಮ್ಮೆ ಜರುಗಿತು. ಇಲ್ಲಿ ಮಟನ್ ಎಂದರೆ ಬಹುಪಾಲು ಮೇಕೆಯ ಮಾಂಸ. ಬ್ರಿಟನ್ನಿನಲ್ಲಿ ಅದು ಎರಡು ವರ್ಷ ದಾಟಿದ ಕುರಿಯದು. ಕೊಬ್ಬು ಹೆಚ್ಚು, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಬೇಕು. ಅಲ್ಲಿನ ಅಡುಗೆ ವಿಧಾನವನ್ನು ಇಲ್ಲಿನ ಎಳೆಯ ಮೇಕೆ ಮಾಂಸಕ್ಕೆ ಹಾಕಿದರೆ ನಾರಷ್ಟೇ ಉಳಿಯುತ್ತದೆ. ‘ಬುಲಕ್’ ಬ್ರಿಟನ್ನಿನಲ್ಲಿ ಮಾಂಸದ ಹೋರಿ, ಇಲ್ಲಿ ಉಳುವ ಎತ್ತು. ಎತ್ತನ್ನು ‘ಬುಲ್’ ಎಂದು ಬರೆದರೆ ಓದಿದವರಿಗೆ ಕಾಣುವುದು ಬೀಜದ ಗೂಳಿ. ಇಂಗ್ಲೆಂಡಿನ ರೈತನ ಕ್ಯಾಟಲ್‌ನಲ್ಲಿ ಎಮ್ಮೆಯಿಲ್ಲ. ಕರ್ನಾಟಕದ 2020ರ ಜಾನುವಾರು ಹತ್ಯೆ ತಡೆ ಕಾಯ್ದೆಯ ಇಂಗ್ಲಿಷ್ ಪಠ್ಯದಲ್ಲಿ ಆ ಪದದೊಳಗೆ ಹಸು, ಕರು, ಗೂಳಿ, ಎತ್ತಿನ ಜೊತೆಗೆ 13 ವರ್ಷದೊಳಗಿನ ಎಮ್ಮೆ, ಕೋಣವೂ ಸೇರಿವೆ. ಅದೇ ಕಾಯ್ದೆಯಲ್ಲಿ ಬೀಫ್ ಎಂದರೆ ಕ್ಯಾಟಲ್‌ನ ಮಾಂಸ. ವ್ಯಾಪಾರದವರು ಎಮ್ಮೆ ಮಾಂಸಕ್ಕೆ ‘ಕ್ಯಾರಾಬೀಫ್’ ಎನ್ನುತ್ತಾರೆ. ಅದರ ಮೊದಲರ್ಧ ಫಿಲಿಪೀನ್ಸಿನಲ್ಲಿ ಎಮ್ಮೆಗೆ ಹೇಳುವ ‘ಕ್ಯಾರಬಾವ್’ನಿಂದ ಬಂದದ್ದು.