ಜರಿಗಿಡದ ಕುಲ ಕೇಳಲು ಸೂಕ್ಷ್ಮದರ್ಶಕ ಸಾಕೇ?

ಕಲಬುರಗಿಯ ಕಾಲೇಜು ಲ್ಯಾಬಿನಲ್ಲಿ ಹರ್ಬೇರಿಯಂ ಹಾಳೆಗೆ (ಒಣಗಿಸಿದ ಗಿಡ ಅಂಟಿಸಿಟ್ಟ ಹಾಳೆ) ಹೆಸರು ಬರೆಯಲು ಕೂತವರಿಗೆ ಈ ತಲೆನೋವು ಗೊತ್ತು. ಎಲೆಯ ಅಡಿಗೆ ಬಿಳಿ ಪುಡಿ ಮೆತ್ತಿದ ಜರಿಗಿಡ. ಅದರ ಕುಲ (ಹತ್ತಿರದ ಜಾತಿಗಳ ಗುಂಪು) ಒಂದು ಪುಸ್ತಕದಲ್ಲಿ ಕೀಲಾಂಥಸ್, ಇನ್ನೊಂದರಲ್ಲಿ ಅಲ್ಯೂರಿಟಾಪ್ಟೆರಿಸ್. ಗಿಡ ಅದೇ, ಹೆಸರು ಎರಡು. ಯಾಕೆ ಹೀಗಾಯಿತು?

ಜರಿಗಿಡಕ್ಕೆ ಹೂವಿಲ್ಲ. ಹಾಗಾಗಿ 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಎಲೆಯಡಿಯ ಬೀಜಕಣದ ಗುಂಪುಗಳನ್ನು ನೋಡಿ ಗುಂಪು ಮಾಡಿದ. 1836ರಲ್ಲಿ ಇನ್ನೊಬ್ಬ ಸಸ್ಯವಿಜ್ಞಾನಿ ಪ್ರೆಸ್ಲ್ ಎಲೆಯ ನರಗಳಿಗೆ ಜಾಸ್ತಿ ಬೆಲೆ ಕೊಟ್ಟ. ಮುಂದೆ ಸುಮಾರು ನೂರು ವರ್ಷ ಜಗ್ಗಾಟ. 1940ರಲ್ಲಿ ಚೀನಾದ ಚಿಂಗ್, ದೊಡ್ಡ ಪಾಲಿಪೋಡಿಯೇಸೀ ಕುಟುಂಬವನ್ನು 33 ಕುಟುಂಬಗಳಾಗಿ ಒಡೆದರು.

ಎಲೆಯ ಮೇಲ್ಮೈಗೆ ಬೆಲೆ ಬಂದದ್ದು ಆಮೇಲೆ. ಸಿಂಗಪುರದಲ್ಲಿ, ನಂತರ ಲಂಡನ್ನಿನ ಕ್ಯೂ ಸಸ್ಯತೋಟದಲ್ಲಿ ಕೆಲಸ ಮಾಡಿದ ಜರಿಗಿಡ ತಜ್ಞ ಹೋಲ್ಟಮ್ ಹಿಡಿದದ್ದು ಕೂದಲನ್ನು. ಥೆಲಿಪ್ಟೆರಿಸ್ ಬಳಗದ ಎಲೆಯ ಮೇಲೆ ಸೂಜಿಯಂಥ ಕೂದಲಿರುತ್ತದೆ. ಹಿಂದೆ ಹಲವರು ಇವನ್ನು ಡ್ರಯಾಪ್ಟೆರಿಸ್ ಎಂಬ ಇನ್ನೊಂದು ಕುಲದ ಜೊತೆ ಸುಮ್ನೆ ಸೇರಿಸಿಬಿಟ್ಟಿದ್ದರು.

1970ರಲ್ಲಿ ವಾನ್ ಕಾಟ್ಹೆಮ್ ಜರಿಗಿಡಗಳ ಪತ್ರರಂಧ್ರಗಳನ್ನು (ಎಲೆ ಉಸಿರಾಡುವ ಸಣ್ಣ ತೂತುಗಳು) ಬಗೆಬಗೆಯಾಗಿ ವಿಂಗಡಿಸಿದರು. ಅಲ್ಲಿಂದ ಈ ಕೆಲಸಕ್ಕೆ ಜೋರು ಬಂತು. ಉಪಕರಣ ದೊಡ್ಡದೇನಲ್ಲ. ಎಲೆಯ ಅಡಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ, ಒಣಗಿದ ಮೇಲೆ ಸೆಲ್ಲೋಟೇಪಿನಿಂದ ಎಬ್ಬಿಸಿ, ಸ್ಲೈಡಿಗೆ ಅಂಟಿಸಿದರೆ ಆಯಿತು. 400 ಪಟ್ಟು ದೊಡ್ಡದಾಗಿ ನೋಡಿದರೆ ಕೋಶದ ಅಂಚುಗಳು ಅಂಕುಡೊಂಕಾಗಿ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ನಡುವೆ ರಂಧ್ರವನ್ನು ತೆರೆದು ಮುಚ್ಚುವ ಎರಡು ಕಾವಲು ಕೋಶಗಳು. ಎಷ್ಟೋ ಜರಿಗಿಡಗಳಲ್ಲಿ ಒಂದೇ ಕೋಶ ಲಾಳದಂತೆ ಬಾಗಿ ಅವನ್ನು ಅಪ್ಪಿಕೊಂಡಿರುತ್ತದೆ. ಅನೀಮಿಯಾ ಎಂಬ ಜರಿಗಿಡ ಕುಲದ ಕೆಲವು ಜಾತಿಗಳಲ್ಲಿ ರಂಧ್ರವನ್ನು ಒಂದೇ ಕೋಶ ಪೂರ್ತಿ ಸುತ್ತುವರಿಯುತ್ತದೆ. ಕಂಡ ಮೇಲೆ ಮರೆಯುವಂಥದ್ದಲ್ಲ.

ಗೋಜಲಾದದ್ದು ಇಲ್ಲೇ. ರಂಧ್ರದ ಬಗೆಗಳಿಗೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟರು. ಒಂದೇ ಎಲೆಯಲ್ಲಿ ಎರಡು ಮೂರು ಬಗೆಯೂ ಸಿಕ್ಕಿದವು. ಹೆಸರು ಹುಟ್ಟಿದ ವೇಗದಲ್ಲಿ ಕುಲ ಬಗೆಹರಿಯಲಿಲ್ಲ.

1990ರ ದಶಕದಲ್ಲಿ ಡಿಎನ್‌ಎ ಬಂತು. ಕೂದಲು ಗೆದ್ದಿತು. ಥೆಲಿಪ್ಟೆರಿಸ್ ನಿಜಕ್ಕೂ ಡ್ರಯಾಪ್ಟೆರಿಸ್‌ನಿಂದ ದೂರದ ಬಳಗ ಅಂತ ಗೊತ್ತಾಯಿತು. ಕೀಲಾಂಥಸ್ ಸೋತಿತು. ಪುಡಿ, ಕೂದಲು, ಹೊಟ್ಟು ಇವೆಲ್ಲ ಒಣನಾಡಿನಲ್ಲಿ ಬದುಕಲು ಬೇರೆ ಬೇರೆ ಗಿಡಗಳು ತಾವೇ ಬೆಳೆಸಿಕೊಂಡವು. ಅದನ್ನು ನೋಡಿ ಒಂದೇ ಮನೆತನ ಅಂತ ಬರೆದಿದ್ದರು. 2016ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಪಟ್ಟಿ ಮಾಡಿದಾಗ ಜರಿಗಿಡಗಳು, ಅವುಗಳಂತೆಯೇ ಬೀಜಕಣದಿಂದ ಹುಟ್ಟುವ ಲೈಕೊಫೈಟ್ ಎಂಬ ಗಿಡಗಳು ಸೇರಿ 51 ಕುಟುಂಬ, 337 ಕುಲಗಳಾದವು.

ಹಾಗಂತ ಎಲೆಯ ಮೇಲ್ಮೈಯ ಅಚ್ಚು ತೆಗೆದು ನೋಡುವುದು ಹಳೇ ಕಾಲದ ಕೆಲಸ ಅಂತ ಮೂಲೆಗೆ ತಳ್ಳುವುದು ಸರಿಯಲ್ಲ, ಅಲ್ವಾ? ಡಿಎನ್‌ಎ ಓದಿಸಲು ದುಡ್ಡು ಬೇಕು. ಸೂಕ್ಷ್ಮದರ್ಶಕ ಪ್ರತಿ ಲ್ಯಾಬಿನಲ್ಲೂ ಇದೆ. ಕೇಳಬೇಕಾದ ಪ್ರಶ್ನೆ ಒಂದೇ: ಈ ಗುರುತು ಮನೆತನದ್ದೋ, ಬಿಸಿಲಿನದ್ದೋ? ನಮ್ಮ ಕಡೆ ಅದಕ್ಕೆ ಜಾಗ ಚೆನ್ನಾಗಿದೆ. ಹಳೆಯ ಗೋಡೆ ಸಂದಿಯ ಮಯೂರಶಿಖೆ ಬೇಸಿಗೆಯಲ್ಲಿ ಮುದುಡಿ, ಮಳೆ ಬಿದ್ದರೆ ಮತ್ತೆ ಅರಳುತ್ತದೆ. ತೇವದ ಬಾವಿಯ ಒಳಗೋಡೆಯಲ್ಲಿ ಅಡಿಯಾಂಟಮ್ ನೆರಳಿನಲ್ಲೇ ಬೆಳೆಯುತ್ತದೆ. ಒಂದೇ ಜಾತಿಯ ಎಲೆಯನ್ನು ಬಿಸಿಲಲ್ಲೂ ನೆರಳಲ್ಲೂ ಕಿತ್ತು ತಂದು ರಂಧ್ರ ಎಣಿಸಿ ನೋಡಬೇಕು. ಎರಡೂ ಕಡೆ ಬದಲಾಗದ ಗುರುತನ್ನು ಮಾತ್ರ ಕೀಲಿಯಲ್ಲಿ (ಗಿಡದ ಹೆಸರು ಪತ್ತೆ ಮಾಡುವ ಗುರುತುಗಳ ಪಟ್ಟಿ) ಇಡಬೇಕು. ಒಂದೇ ಗಿಡದ ಒಂದೇ ಎಲೆ ನೋಡಿ ಕೀಲಿ ಬರೆಯುವವರು ಇನ್ನೂ ಇದ್ದಾರೆ.