ಎಂಟು ಇಂಚು ಎತ್ತರದಿಂದ ಕಂಡ ಚಪ್ಪಟೆ ಭೂಮಿ

ಇಂಗ್ಲೆಂಡಿನ ಪೂರ್ವಕ್ಕೆ, ನಾರ್ಫೋಕ್ ಕಡೆ, ಓಲ್ಡ್ ಬೆಡ್‌ಫರ್ಡ್ ಅಂತ ಒಂದು ಕಾಲುವೆ ಇದೆ. ಸುಮಾರು 6 ಮೈಲಿ ದೂರ ದಾರ ಕಟ್ಟಿ ಎಳೆದ ಹಾಗೆ ನೇರವಾಗಿ ಹೋಗುತ್ತದೆ. 1838ರ ಬೇಸಿಗೆಯಲ್ಲಿ ಸ್ಯಾಮ್ಯುಯೆಲ್ ರೋಬಾಟಮ್ ಎಂಬಾತ ಈ ಕಾಲುವೆಗೆ ಇಳಿದು, ಟೆಲಿಸ್ಕೋಪನ್ನು ನೀರಿನಿಂದ ಬರೀ 8 ಇಂಚು ಮೇಲೆ ಹಿಡಿದು, ದೂರ ಸಾಗುತ್ತಿದ್ದ ದೋಣಿಯನ್ನೇ ನೋಡುತ್ತಾ ನಿಂತ. ದೋಣಿಯ ಮೇಲೆ ಒಂದು ಬಾವುಟ. ಭೂಮಿ ಗುಂಡಗಿದ್ದರೆ, 6 ಮೈಲಿ ಹೋಗುವಷ್ಟರಲ್ಲಿ ಆ ಬಾವುಟದ ತುದಿಯೂ ಕಣ್ಣಿನ ನೇರಕ್ಕಿಂತ 11 ಅಡಿ ಕೆಳಗೆ ಮುಳುಗಿರಬೇಕು. ಮುಳುಗಲಿಲ್ಲ, ಕೊನೆತನಕ ಕಂಡಿತು ಅಂತ ಆತ ಬರೆದುಕೊಂಡ.

ಇವತ್ತು ಯೂಟ್ಯೂಬಿನಲ್ಲಿ ಓಡಾಡುವ ಚಪ್ಪಟೆ ಭೂಮಿಯ ತವರುಮನೆ ಇದೇ ಕಾಲುವೆ. ಇದು ತುಂಬಾ ಹಳೇ ನಂಬಿಕೆ, ವಿಜ್ಞಾನ ಬಂದಮೇಲೆ ಮೂಲೆ ಸೇರಿತು ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ನಮ್ಮ ಪುರಾಣಗಳಲ್ಲಿ ಮೇರು ಪರ್ವತದ ಸುತ್ತ ಹರಡಿಕೊಂಡ ಚಪ್ಪಟೆ ಭೂಮಿ ಇದ್ದದ್ದು ನಿಜ. ಆದರೆ ಲೆಕ್ಕ ಹಾಕುವವರು ಅದನ್ನು ಯಾವಾಗಲೋ ಪಕ್ಕಕ್ಕಿಟ್ಟಿದ್ದರು. 499ರಲ್ಲಿ ಆರ್ಯಭಟ ಭೂಮಿಯನ್ನು ಕದಂಬದ ಹೂವಿಗೆ ಹೋಲಿಸಿದ: ಗುಂಡಿನ ಸುತ್ತ ಎಸಳು ಇರುವ ಹಾಗೆ ಭೂಮಿಯ ಸುತ್ತ ಜೀವಿಗಳು. 8ನೇ ಶತಮಾನದ ಲಲ್ಲ ಇನ್ನೂ ನೇರವಾಗಿ ಕೇಳಿಬಿಟ್ಟ: ಭೂಮಿ ಸಮತಟ್ಟಾಗಿದ್ದರೆ ತಾಳೆಯಂಥ ಎತ್ತರದ ಮರಗಳು ದೂರದಿಂದ ಯಾಕೆ ಕಾಣುವುದಿಲ್ಲ? ಮತ್ತೆ ಕಣ್ಣಿಗೆ ಚಪ್ಪಟೆಯಾಗಿ ಕಾಣುತ್ತದಲ್ಲ ಅಂದರೆ ಅದಕ್ಕೂ ಉತ್ತರ ಇತ್ತು. ವೃತ್ತದ ಸುತ್ತಳತೆಯಲ್ಲಿ ನೂರರ ಒಂದು ತುಂಡು ನೇರ ಗೆರೆಯ ಹಾಗೇ ಕಾಣುತ್ತದೆ, ಭೂಮಿಯೋ ಭಾರೀ ದೊಡ್ಡದು, ಮನುಷ್ಯ ಬಹಳ ಚಿಕ್ಕವನು ಅಂತ 1150ರ ಹೊತ್ತಿಗೆ ಭಾಸ್ಕರಾಚಾರ್ಯ ಬರೆದಿಟ್ಟಿದ್ದ. ನಾವು ಶಾಲೆಯಲ್ಲಿ ಓದಿದ ವಿಷಯದ ಹೆಸರೇ ‘ಭೂಗೋಳ’ ಅಲ್ವಾ?

ರೋಬಾಟಮ್ ಮಾತ್ರ ಬಿಡಲಿಲ್ಲ. ‘ಪ್ಯಾರಲಾಕ್ಸ್’ ಅಂತ ಹೆಸರಿಟ್ಟುಕೊಂಡು 1849ರಲ್ಲಿ ಒಂದು ಕಿರುಹೊತ್ತಿಗೆ ತಂದ, 1865ರಲ್ಲಿ ಅದನ್ನೇ ದಪ್ಪ ಪುಸ್ತಕ ಮಾಡಿದ, ಊರೂರಿಗೆ ಹೋಗಿ ಟಿಕೆಟ್ ಇಟ್ಟು ಭಾಷಣ ಮಾಡಿದ. ಮಾತಿನಲ್ಲಿ ಗಟ್ಟಿಗ.

1870ರಲ್ಲಿ ಕತೆ ರಂಗೇರಿತು. ಈತನ ಪುಸ್ತಕ ಓದಿ ತಲೆಗೇರಿಸಿಕೊಂಡಿದ್ದ ಜಾನ್ ಹ್ಯಾಂಪ್ಡನ್, ಭೂಮಿ ಗುಂಡಗಿದೆ ಅಂತ ತೋರಿಸಿದವರಿಗೆ 500 ಪೌಂಡ್ ಅಂತ ಬಾಜಿ ಕಟ್ಟಿದ. ಒಪ್ಪಿಕೊಂಡವನು ಆಲ್ಫ್ರೆಡ್ ರಸೆಲ್ ವ್ಯಾಲೇಸ್. ಹೌದು, ಡಾರ್ವಿನ್ ಜೊತೆ ಜೊತೆಗೇ ವಿಕಾಸವಾದದ ಗುಟ್ಟು ಕಂಡುಕೊಂಡ ಅದೇ ವ್ಯಾಲೇಸ್. ಆತ ಹರೆಯದಲ್ಲಿ ಭೂಮಾಪನದ ಕೆಲಸ ಮಾಡಿದ್ದ, ಹಾಗಾಗಿ ರೋಬಾಟಮ್ ಎಲ್ಲಿ ಎಡವಿದ್ದಾನೆ ಅಂತ ಗೊತ್ತಿತ್ತು.

ಎಡವಿದ್ದು ಆ 8 ಇಂಚಿನಲ್ಲಿ. ಬೇಸಿಗೆಯಲ್ಲಿ ಡಾಂಬರು ರಸ್ತೆಯ ಮೇಲೆ ಬಿಸಿಲುಗುದುರೆ ನೋಡಿರುತ್ತೀರಿ. ನೆಲದ ಹತ್ತಿರದ ಗಾಳಿ ಕಾದು ತೆಳುವಾಗಿ, ಬೆಳಕು ಮೇಲಕ್ಕೆ ಬಾಗಿ, ಇಲ್ಲದ ನೀರು ಕಾಣುತ್ತದೆ. ತಣ್ಣಗಿನ ನೀರಿನ ಮೇಲೆ ಇದು ಉಲ್ಟಾ. ಕೆಳಗಿನ ಗಾಳಿ ತಂಪು, ಮೇಲಿನದು ಬೆಚ್ಚಗೆ. ಬೆಳಕು ಕೆಳಕ್ಕೆ ಬಾಗಿ ನೀರಿನ ಉಬ್ಬನ್ನೇ ಸವರಿಕೊಂಡು ಬರುತ್ತದೆ, ಮರೆಯಾಗಬೇಕಾದ ದೋಣಿ ಕಣ್ಣಿಗೆ ಬೀಳುತ್ತದೆ. ನೀರಿಗೆ ಎಷ್ಟು ಹತ್ತಿರ ಕಣ್ಣಿಟ್ಟರೆ ಅಷ್ಟು ಮೋಸ ಜಾಸ್ತಿ.

ವ್ಯಾಲೇಸ್ ಕಣ್ಣನ್ನು ಮೇಲಕ್ಕೆತ್ತಿದ, ಅಷ್ಟೇ. ನೀರಿನಿಂದ ಸುಮಾರು 13 ಅಡಿ. ಈ ತುದಿಯ ಸೇತುವೆಯಲ್ಲಿ ಟೆಲಿಸ್ಕೋಪ್, ಆ ತುದಿಯ ಸೇತುವೆಯಲ್ಲಿ ಒಂದು ಗುರುತು, ನಟ್ಟನಡುವೆ ಕಂಬದ ಮೇಲೆ ಒಂದು ಬಿಲ್ಲೆ, ಮೂರೂ ಒಂದೇ ಎತ್ತರ. ನೀರು ಸಪಾಟಾಗಿದ್ದರೆ ಮೂರೂ ಒಂದೇ ಗೆರೆಯಲ್ಲಿ ಸಿಗಬೇಕು. ನಡುವಿನ ಬಿಲ್ಲೆ ಮೇಲೆ ಎದ್ದು ನಿಂತಿತ್ತು. ದುಡ್ಡು ಇಟ್ಟುಕೊಂಡಿದ್ದ ಪತ್ರಿಕಾ ಸಂಪಾದಕ ವಾಲ್ಶ್, ವ್ಯಾಲೇಸ್ ಗೆದ್ದ ಅಂತ ತೀರ್ಪು ಕೊಟ್ಟ. ಹ್ಯಾಂಪ್ಡನ್ ಏನು ಮಾಡಿದ ಗೊತ್ತಾ? ಟೆಲಿಸ್ಕೋಪಿಗೆ ಕಣ್ಣೇ ಇಡಲಿಲ್ಲ! ತನ್ನ ಕಡೆಯವನು ಹೇಳಿದ್ದನ್ನೇ ನಂಬಿ, ಮೋಸ ಮೋಸ ಅಂತ ಕೂಗಾಡಿದ. ವರ್ಷಗಟ್ಟಲೆ ಕಾಗದ ಬರೆದು ಬೈದ, ನಿನ್ನ ಗಂಡನ ತಲೆ ಒಡೆದು ಮನೆಗೆ ತಂದು ಹಾಕಿದರೆ ಆಶ್ಚರ್ಯಪಡಬೇಡ ಅನ್ನುವ ಧಾಟಿಯಲ್ಲಿ ವ್ಯಾಲೇಸನ ಹೆಂಡತಿಗೂ ಬರೆದ, ಅದಕ್ಕೆಲ್ಲ ಜೈಲನ್ನೂ ಕಂಡ. ಬಾಜಿ ಕಾನೂನಿನಲ್ಲಿ ನಿಲ್ಲುವುದಿಲ್ಲ ಅಂತ ಕೊನೆಗೆ ಕೋರ್ಟು ಹೇಳಿದ್ದರಿಂದ ಗೆದ್ದ ದುಡ್ಡೂ ವ್ಯಾಲೇಸನ ಕೈಬಿಟ್ಟಿತು. ಪಾಪ, ಆತ ಈ ಉಸಾಬರಿಗೆ ಹೋಗಬಾರದಿತ್ತು ಅಂತ ಆಮೇಲೆ ಬಹಳ ನೊಂದುಕೊಂಡ.

ಅಲ್ಲಿಂದ ಮುಂದಿನದು ಹೆಚ್ಚುಕಮ್ಮಿ ಇದರದೇ ಮರುಪ್ರಸಾರ. 1904ರಲ್ಲಿ ಲೇಡಿ ಬ್ಲೌಂಟ್ ಅದೇ ಕಾಲುವೆಗೆ ಫೋಟೋಗ್ರಾಫರನ್ನು ಕರೆದುಕೊಂಡು ಹೋಗಿ, ಮತ್ತೆ ನೀರಿನ ಹತ್ತಿರವೇ ಕ್ಯಾಮೆರಾ ಇಡಿಸಿ ‘ಸಾಕ್ಷಿ’ ತಂದಳು. 1956ರಲ್ಲಿ ಡೋವರ್ ಊರಿನ ಸ್ಯಾಮ್ಯುಯೆಲ್ ಶೆಂಟನ್ ಇದಕ್ಕೆ ಒಂದು ಸಂಘ ಕಟ್ಟಿದ. ಅದು 1972ರಿಂದ ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಜಾನ್ಸನ್ ಕೈಯಲ್ಲಿ 2001ರಲ್ಲಿ ಆತ ಸಾಯುವ ತನಕ ನಡೆಯಿತು. ಆಮೇಲೆ ಇಂಟರ್ನೆಟ್ ಇದ್ದೇ ಇತ್ತು.

ಇಂಟರ್ನೆಟ್ಟಿನವರ ಮೆಚ್ಚಿನ ವಾದ ಒಂದಿದೆ: ಮುಳುಗಿದ ಹಡಗು ಝೂಮ್ ಮಾಡಿದರೆ ವಾಪಸ್ ಬರುತ್ತದಂತೆ! ಇದರಲ್ಲಿ ಅರ್ಧ ನಿಜ ಇದೆ. ಮಲ್ಪೆಯ ಮರಳಿನ ಮೇಲೆ ನೀರಂಚಿನಲ್ಲಿ ನಿಂತವರಿಗೆ ದಿಗಂತ ಇರುವುದು ಸುಮಾರು ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿ. ಮೂರು ಕಿಲೋಮೀಟರ್ ಆಚೆಯ ಸಣ್ಣ ದೋಣಿ ಕಾಣದೆ ಇದ್ದರೆ ಅದು ಮುಳುಗಿಲ್ಲ, ಚುಕ್ಕಿಯಾಗಿದೆ ಅಷ್ಟೇ. ಅದನ್ನು ಝೂಮ್ ತರುತ್ತದೆ. ಆದರೆ 12 ಕಿಲೋಮೀಟರ್ ಆಚೆ ಹೋದ ಬೋಟಿನ ಕೆಳಗಿನ ನಾಲ್ಕು ಮೀಟರಿನಷ್ಟು ಭಾಗ ನೀರಿನ ಹಿಂದೆ ಇರುತ್ತದೆ. ಎಂಥ ಕ್ಯಾಮೆರಾ ತಂದರೂ ಮೇಲಿನ ಕಂಬ ದೊಡ್ಡದಾಗುತ್ತದೆ ಹೊರತು ಬುಡ ಬರುವುದಿಲ್ಲ. ಅದೇ ನೀವು 30 ಮೀಟರ್ ಎತ್ತರಕ್ಕೆ ಹತ್ತಿ ನೋಡಿ, ದಿಗಂತ 20 ಕಿಲೋಮೀಟರಿನ ಹತ್ತಿರ ಹೋಗಿರುತ್ತದೆ. ಕಣ್ಣೂ ಅದೇ, ಕ್ಯಾಮೆರಾನೂ ಅದೇ, ಮೆಟ್ಟಿಲು ಮಾತ್ರ ಜಾಸ್ತಿ.

ದಿಗಂತ ಯಾವಾಗಲೂ ಕಣ್ಣಿನ ಮಟ್ಟಕ್ಕೇ ಏರಿ ನಿಲ್ಲುತ್ತದೆ ಅನ್ನುವುದು ಇನ್ನೊಂದು ವಾದ. ಸಾವಿರ ವರ್ಷದ ಹಿಂದೆ ವಿದ್ವಾಂಸ ಅಲ್‌ಬಿರೂನಿ, ಈಗ ಪಾಕಿಸ್ತಾನದ ಪಂಜಾಬಿನಲ್ಲಿರುವ ನಂದನ ಕೋಟೆಯ ಬೆಟ್ಟ ಹತ್ತಿ, ದಿಗಂತ ಕಣ್ಣಿನ ಮಟ್ಟಕ್ಕಿಂತ ಎಷ್ಟು ಕೆಳಗಿದೆ ಅಂತ ಅಳೆದು, ಅದರಿಂದಲೇ ಭೂಮಿಯ ಗಾತ್ರ ಲೆಕ್ಕ ಹಾಕಿದ್ದ. 10 ಕಿಲೋಮೀಟರ್ ಎತ್ತರದ ವಿಮಾನದಿಂದ ಅದು ಕಣ್ಣಿನ ಮಟ್ಟಕ್ಕಿಂತ ಸುಮಾರು ಮೂರು ಡಿಗ್ರಿ ಕೆಳಗೆ, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಒಂದರ ಮೇಲೊಂದು ಇಟ್ಟಷ್ಟು.

ಇನ್ನು ಗ್ರಹಗಳು. ಗುರು ಗುಂಡಗಿದೆಯಲ್ಲ ಅಂದರೆ, ಗ್ರಹಗಳು ಬರೀ ಬೆಳಕಿನ ಚುಕ್ಕಿಗಳು ಅನ್ನುತ್ತಾರೆ. ಫೋಕಸ್ ತಪ್ಪಿದ ಕ್ಯಾಮೆರಾದಲ್ಲಿ ನೀರಿನ ಹಾಗೆ ನಡುಗುವ ಶುಕ್ರನ ವಿಡಿಯೋ ತೋರಿಸುತ್ತಾರೆ. ಚಂದ್ರನಿಗೆ ಸ್ವಂತ ಬೆಳಕಿದೆ ಅಂತ ರೋಬಾಟಮ್ ಆಗಲೇ ಬರೆದಿದ್ದ, ಇದು ಅದರದೇ ಮರಿ. ಆದರೆ ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುತ್ತದೆ. ಅದು ತಟ್ಟೆಯಾಗಿದ್ದರೆ ಒಂದೇ ರಾತ್ರಿಯಲ್ಲಿ ಅಂಚು ತೋರಿಸಬೇಕಿತ್ತು. ಶುಕ್ರನಿಗೂ ಚಂದ್ರನಂತೆ ವೃದ್ಧಿ-ಕ್ಷಯ ಇರುವುದನ್ನು ಗೆಲಿಲಿಯೋ 1610ರಲ್ಲೇ ಕಂಡಿದ್ದ. ಸ್ವಂತ ಬೆಳಕಿನ ಚುಕ್ಕಿ ಹೀಗೆ ಸವೆಯುತ್ತಾ ಬೆಳೆಯುತ್ತಾ ಇರುವುದು ಹೇಗೆ?

2025ರ ಶಿವರಾತ್ರಿಯಂದು ಬೆಂಗಳೂರಿನ ನಮ್ಮ ತಾರಸಿಯಲ್ಲಿ ಎರವಲು ತಂದ ಸಣ್ಣ ಟೆಲಿಸ್ಕೋಪ್ ಇಟ್ಟಿದ್ದೆ. ಸಂಜೆ ಪಡುವಣದಲ್ಲಿ ಶುಕ್ರ ಜೋರಾಗಿ ಹೊಳೆಯುತ್ತಿತ್ತು. ಅಕ್ಕನ ಮಗ ಒಂದು ಕಣ್ಣು ಮುಚ್ಚಿ ನೋಡಿದವನೇ, “ಮಾಮ, ಇದು ಶುಕ್ರ ಅಲ್ಲ, ಚಂದ್ರ” ಅಂದ. ತೆಳ್ಳಗೆ, ಬಿದಿಗೆ ಚಂದ್ರನ ಹಾಗೇ ಇತ್ತು. ಹಾಗಾದರೆ ಚಂದ್ರ ಎಲ್ಲಿದ್ದಾನೆ ಹುಡುಕು ಅಂದೆ. ತಾರಸಿಯನ್ನೆಲ್ಲಾ ಸುತ್ತಿ ಬಂದ. ಶಿವರಾತ್ರಿ ಅಲ್ವಾ, ಮರುದಿನ ಅಮಾವಾಸ್ಯೆ. ಮತ್ತೆ ಬಂದು ಟೆಲಿಸ್ಕೋಪಿಗೆ ಕಣ್ಣಿಟ್ಟ.