ಕೈಗೆ ಸೂಜಿ, ಪಾದಕ್ಕೆ ಬಿಸುಪು: ಅಕ್ಯುಪಂಕ್ಚರ್ ಮತ್ತು ಚರ್ಮದ ಉಷ್ಣತೆ

ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹೆಗು ಎಂಬ ಅಕ್ಯುಪಂಕ್ಚರ್ ಬಿಂದು ಇದೆ. ಪುಸ್ತಕಗಳಲ್ಲಿ ಅದನ್ನು ಎಲ್‌ಐ 4 ಎಂದು ಬರೆಯುತ್ತಾರೆ. ಅಲ್ಲಿಗೆ ಸೂಜಿ ಹಾಕಿದ ಸ್ವಲ್ಪ ಹೊತ್ತಿಗೆ ಮುಖ ಬೆಚ್ಚಗಾಯಿತು, ಇನ್ನೊಂದು ಕೈ ಬೆಚ್ಚಗಾಯಿತು, ಪಾದವೂ ಬೆಚ್ಚಗಾಯಿತು ಎಂದು ಹೇಳುವವರಿದ್ದಾರೆ. ಚುಚ್ಚಿದ್ದು ಕೈಗೆ, ಪಾದಕ್ಕೆ ಹೇಗೆ ಗೊತ್ತಾಯಿತು? ಬೆಂಗಳೂರಿನಲ್ಲಿ ಬಿಎನ್‌ವೈಎಸ್ (ಪ್ರಕೃತಿಚಿಕಿತ್ಸೆ ಮತ್ತು ಯೋಗದ ಪದವಿ) ಅಥವಾ ಫಿಸಿಯಾಲಜಿ ಓದುತ್ತಿರುವವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಹಾಗಾಗಿ ನಾನು ಓದಿ ಅರ್ಥ ಮಾಡಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ನಿಲುವು ಹೇಳಿಬಿಡುತ್ತೇನೆ. ದೂರದ ಚರ್ಮ ಬೆಚ್ಚಗಾಗುವುದರಲ್ಲಿ ಅಚ್ಚರಿ ಏನಿಲ್ಲ. ನಮ್ಮ ನರಗಳು ದಿನವೂ ಮಾಡುವ ಕೆಲಸ ಅದು. ಅದು ಸೂಜಿಯಿಂದ ಆಯಿತೋ, ಸುಮ್ನೆ ಮಲಗಿದ್ದರಿಂದ ಆಯಿತೋ ಎಂದು ಬೇರ್ಪಡಿಸುವುದೇ ನಿಜವಾಗಿ ಕಷ್ಟ.

ಚರ್ಮಕ್ಕೆ ಬಿಸಿ ಎಲ್ಲಿಂದ ಬರುತ್ತದೆ?

ಚರ್ಮ ತಾನೇ ಹುಟ್ಟಿಸುವ ಬಿಸಿ ಬಹಳ ಕಡಿಮೆ. ಒಳಗಿನ 37 ಡಿಗ್ರಿಯ ರಕ್ತ ಹೊರಗೆ ಬಂದಷ್ಟು ಚರ್ಮ ಬೆಚ್ಚಗಿರುತ್ತದೆ. ಹಿತವಾದ ಹವೆಯಲ್ಲಿ ಇಡೀ ಮೈಯ ಚರ್ಮಕ್ಕೆ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ರಕ್ತ ಹೋಗುತ್ತದೆ. ವಿಪರೀತ ಸೆಖೆಯಲ್ಲಿ ಅದು 6ರಿಂದ 8 ಲೀಟರ್‌ವರೆಗೂ ಏರಬಲ್ಲದು. ಇಷ್ಟು ದೊಡ್ಡ ಅಂತರವನ್ನು ಮುಖ್ಯವಾಗಿ ನಿಭಾಯಿಸುವುದು ಸಿಂಪಥೆಟಿಕ್ ನರಗಳು, ಅಂದರೆ ನಾವು ಹೇಳದೆಯೇ ತಾವಾಗಿ ಕೆಲಸ ಮಾಡುವ ನರಗಳ ಒಂದು ಗುಂಪು. ಅವು ಚುರುಕಾದರೆ ರಕ್ತನಾಳ ಬಿಗಿಯುತ್ತದೆ, ಚರ್ಮ ತಣ್ಣಗಾಗುತ್ತದೆ. ಸಡಿಲ ಬಿಟ್ಟರೆ ನಾಳ ಹಿಗ್ಗುತ್ತದೆ, ಚರ್ಮ ಬೆಚ್ಚಗಾಗುತ್ತದೆ.

ಇದನ್ನು ಮೊದಲು ಎತ್ತಿ ತೋರಿಸಿದವರು ಫ್ರಾನ್ಸಿನ ಕ್ಲಾಡ್ ಬರ್ನಾರ್. 1851ರ ಸುಮಾರಿಗೆ ಅವರು ಮೊಲದ ಕುತ್ತಿಗೆಯಲ್ಲಿ ಸಿಂಪಥೆಟಿಕ್ ನರ ಕತ್ತರಿಸಿದರು. ಆ ಕಡೆಯ ಕಿವಿ ಕೆಂಪಾಗಿ ಬಿಸಿಯಾಯಿತು. ಮರುವರ್ಷ ಬ್ರೌನ್ ಸೆಕಾರ್ ಎಂಬ ಇನ್ನೊಬ್ಬ ವಿಜ್ಞಾನಿ ಕತ್ತರಿಸಿದ ನರದ ತುದಿಗೆ ವಿದ್ಯುತ್ ಕೊಟ್ಟರು. ಕಿವಿ ಮತ್ತೆ ತಣ್ಣಗಾಯಿತು. ಪರೀಕ್ಷೆಯಲ್ಲಿ ಈ ಎರಡು ಪ್ರಯೋಗಗಳನ್ನು ಜೊತೆಯಾಗಿ ಬರೆಯಿರಿ. ಒಂದನ್ನೇ ಬರೆದರೆ ವಾದ ಅರ್ಧಕ್ಕೆ ನಿಲ್ಲುತ್ತದೆ.

ಅಂಗೈ, ಅಂಗಾಲು, ಬೆರಳ ತುದಿ, ಮೂಗು, ಕಿವಿಗಳ ಲೆಕ್ಕ ಸ್ವಲ್ಪ ಬೇರೆ. ಇಲ್ಲಿ ಅಪಧಮನಿಯಿಂದ ಅಭಿಧಮನಿಗೆ ನೇರವಾಗಿ ರಕ್ತ ದಾಟಿಸುವ ಅಡ್ಡದಾರಿಗಳಿವೆ. ಇವು ತೆರೆದರೆ ಬೆರಳು 34–35 ಡಿಗ್ರಿಗೆ ಹೋಗುತ್ತದೆ. ಮುಚ್ಚಿದರೆ ತಂಪಾದ ಕೋಣೆಯಲ್ಲಿ 22–23ಕ್ಕೂ ಇಳಿಯುತ್ತದೆ. ಹಿತವಾದ ಹವೆಯಲ್ಲಿ ಇವು ಯಾರೂ ಮುಟ್ಟದಿದ್ದರೂ ನಿಮಿಷಕ್ಕೆ ಎರಡು ಮೂರು ಸಲ ತೆರೆದು ಮುಚ್ಚುತ್ತಿರುತ್ತವೆ. ದೂರದ ಪರಿಣಾಮ ಬೆರಳಲ್ಲಿ ಎದ್ದು ಕಾಣುವುದು ಇದರಿಂದಲೇ. ಬೆರಳಿನ ಅಳತೆಯಿಂದ ಮೋಸ ಹೋಗುವುದೂ ಇದರಿಂದಲೇ.

ಹತ್ತಿರದ್ದು ಬೇರೆ, ದೂರದ್ದು ಬೇರೆ

ಸೂಜಿ ಚುಚ್ಚಿದ ಜಾಗದ ಸುತ್ತ ಕೆಂಪಾಗುವುದನ್ನು ಎಲ್ಲರೂ ನೋಡಿರುತ್ತೀರಿ. ಅದು ಆಕ್ಸಾನ್ ರಿಫ್ಲೆಕ್ಸ್. ನೋವಿನ ನರದ ಒಂದು ಕವಲಲ್ಲಿ ಹೊರಟ ಸಂಕೇತ ಪಕ್ಕದ ಕವಲಿಗೆ ತಿರುಗಿ ಬಂದು ಸಿಜಿಆರ್‌ಪಿ, ಸಬ್‌ಸ್ಟೆನ್ಸ್ ಪಿ ಎಂಬ ರಾಸಾಯನಿಕಗಳನ್ನು ಬಿಡಿಸುತ್ತದೆ. ಸುತ್ತಲಿನ ನಾಳಗಳು ಹಿಗ್ಗುತ್ತವೆ. ಇದರ ವ್ಯಾಪ್ತಿ ಕೆಲವೇ ಸೆಂಟಿಮೀಟರ್. ಕೈಯಿಂದ ಪಾದಕ್ಕೆ ಹೋಗುವ ಶಕ್ತಿ ಇದಕ್ಕಿಲ್ಲ.

ದೂರದ ಪರಿಣಾಮಕ್ಕೆ ಬೆನ್ನುಹುರಿ ಮತ್ತು ಮಿದುಳು ಬೇಕು. ಸೂಜಿಯ ಸಂವೇದನೆ ಒಳಗೆ ಹೋಗುತ್ತದೆ, ಅಲ್ಲಿಂದ ಸಿಂಪಥೆಟಿಕ್ ನರಗಳಿಗೆ ಹೊಸ ಆಜ್ಞೆ ಹೊರಡುತ್ತದೆ. ನಮ್ಮ ಬಡಾವಣೆಯ ವಾಲ್ವ್‌ಮನ್‌ಗೆ ಫೋನ್ ಮಾಡಿದ ಹಾಗೆ ಇದು. ಫೋನಿನಲ್ಲಿ ನೀರು ಹರಿಯುವುದಿಲ್ಲ. ಆದರೆ ಆತ ಎಲ್ಲೋ ಮೂಲೆಯಲ್ಲಿ ವಾಲ್ವ್ ತಿರುಗಿಸಿದರೆ ನಾಲ್ಕು ರಸ್ತೆ ಆಚೆ ಸಂಪು ತುಂಬುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಹೆಗು ಬಿಂದುವಿನ ಸಂವೇದನೆ ಕುತ್ತಿಗೆಯ ಕೆಳಭಾಗದ ನರಬೇರುಗಳ ಮೂಲಕ ಬೆನ್ನುಹುರಿ ಸೇರುತ್ತದೆ. ಆದರೆ ಸಿಂಪಥೆಟಿಕ್ ನರಗಳು ಹೊರಡುವುದು ಬೆನ್ನುಹುರಿಯ ಟಿ 1ರಿಂದ (ಎದೆಮಟ್ಟದ ಮೊದಲ ಭಾಗ) ಎಲ್ 2ರವರೆಗೆ (ಸೊಂಟಮಟ್ಟದ ಎರಡನೇ ಭಾಗ) ಮಾತ್ರ. ಕೈಗೆ ಹೋಗುವವು ಎದೆಯ ಮೇಲ್ಭಾಗದಿಂದ, ಕಾಲಿಗೆ ಹೋಗುವವು ಎದೆಯ ಕೆಳಭಾಗ ಮತ್ತು ಸೊಂಟದ ಮೇಲ್ಭಾಗದಿಂದ ಹೊರಡುತ್ತವೆ. ಅಂದರೆ ಚುಚ್ಚಿದ ಕೈಯೇ ಬೆಚ್ಚಗಾಗಬೇಕಾದರೂ ಸಂಕೇತ ಬೆನ್ನುಹುರಿಯಲ್ಲಿ ಕೆಳಗಿಳಿಯಲೇಬೇಕು. ಮುಖ, ಎರಡೂ ಕೈ, ಎರಡೂ ಪಾದ ಒಟ್ಟಿಗೆ ಬೆಚ್ಚಗಾದರೆ ಮಿದುಳುಕಾಂಡದ ಮಟ್ಟದಲ್ಲೇ ಸಿಂಪಥೆಟಿಕ್ ಒತ್ತಡ ಇಳಿದಿದೆ ಎಂದುಕೊಳ್ಳುವುದು ಹೆಚ್ಚು ಸರಿ. ಚರ್ಮ ಅಥವಾ ಸ್ನಾಯುವಿಗೆ ಕೊಟ್ಟ ಪ್ರಚೋದನೆ ಒಳಗಿನ ಅಂಗಗಳನ್ನು ಹೇಗೆ ಬದಲಿಸುತ್ತದೆ ಎಂಬುದರ ಮೇಲೆ ಜಪಾನಿನ ಅಕಿಯೊ ಸಾಟೊ ದಶಕಗಳ ಕಾಲ ಕೆಲಸ ಮಾಡಿದರು. ಇಲಿಯ ಹೊಟ್ಟೆಯ ಚರ್ಮ ಚಿವುಟಿದರೆ ಜಠರದ ಚಲನೆ ಬೆನ್ನುಹುರಿಯ ಮಟ್ಟದಲ್ಲೇ ತಗ್ಗುತ್ತದೆ. ಪಾದ ಚಿವುಟಿದರೆ ಮಿದುಳಿನ ಮೂಲಕ ಚಲನೆ ಹೆಚ್ಚುತ್ತದೆ. ಎಲ್ಲಿ ಮುಟ್ಟುತ್ತೀರಿ ಎಂಬುದರ ಮೇಲೆ ದಾರಿಯೇ ಬದಲಾಗುತ್ತದೆ!

ದೂರದ ಪರಿಣಾಮ ಅಕ್ಯುಪಂಕ್ಚರ್‌ಗೆ ಮಾತ್ರ ಸೀಮಿತವೂ ಅಲ್ಲ. 1858ರಲ್ಲೇ ಬ್ರೌನ್ ಸೆಕಾರ್ ಮತ್ತು ಥೊಲೊಜಾನ್ ಒಂದು ಕೈಯನ್ನು ತಣ್ಣೀರಿನಲ್ಲಿಟ್ಟರೆ ಇನ್ನೊಂದು ಕೈಯೂ ತಣ್ಣಗಾಗುತ್ತದೆ ಎಂದು ವರದಿ ಮಾಡಿದ್ದರು. 1932ರಲ್ಲಿ ಗಿಬ್ಬನ್ ಮತ್ತು ಲ್ಯಾಂಡಿಸ್ ಮುಂಗೈಗಳನ್ನು (ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ) ಬಿಸಿನೀರಿನಲ್ಲಿಟ್ಟು ಕಾಲಿನ ರಕ್ತನಾಳ ಹಿಗ್ಗುವುದನ್ನು ತೋರಿಸಿದರು. ಸೂಜಿ, ಬಿಸಿನೀರು, ತಣ್ಣೀರು, ಹೆದರಿಕೆ ಎಲ್ಲವೂ ಕೊನೆಗೆ ತಲುಪುವುದು ಅದೇ ಸಿಂಪಥೆಟಿಕ್ ನರಗಳನ್ನು.

ಹೆಗು ಬಿಂದುವಿನ ಪ್ರಯೋಗ

1985ರಲ್ಲಿ ಅರ್ನ್ಸ್ಟ್ ಮತ್ತು ಲೀ ಎಂಬ ಸಂಶೋಧಕರು ಆರೋಗ್ಯವಂತರ ಹೆಗು ಬಿಂದುವಿಗೆ ಕೈಯಿಂದಲೂ ವಿದ್ಯುತ್ತಿನಿಂದಲೂ ಪ್ರಚೋದನೆ ಕೊಟ್ಟು ಥರ್ಮೋಗ್ರಫಿಯಲ್ಲಿ (ಚರ್ಮದ ಉಷ್ಣತೆಯನ್ನು ಬಣ್ಣದ ಚಿತ್ರವಾಗಿ ತೋರಿಸುವ ಕ್ಯಾಮೆರಾದಲ್ಲಿ) ನೋಡಿದರು. ಅವರ ವರದಿಯ ತಿರುಳು ಕಾಲಕ್ರಮದಲ್ಲಿದೆ: ಪ್ರಚೋದನೆ ನಡೆಯುವಾಗ ಕೈ ತುಸು ತಣ್ಣಗಾಗಬಹುದು, ಆಮೇಲೆ ಜಾಸ್ತಿ ಹೊತ್ತು ಇರುವ ಬಿಸುಪು ಬರಬಹುದು. ಚುಚ್ಚಿದಾಗ ಬರುವ ಭಾರ, ಜೋಮು, ಸೆಳೆತದ ಅನುಭವ ಸಿಂಪಥೆಟಿಕ್ ನರವನ್ನು ಒಮ್ಮೆ ಎಬ್ಬಿಸುತ್ತದೆ. ಅದು ಕಳೆದ ಮೇಲೆ ಸಡಿಲಿಕೆ ಬರುತ್ತದೆ. ಆದ್ದರಿಂದ ಒಂದೇ ಹೊತ್ತಿನ ಚಿತ್ರ ನೋಡಿ ತೀರ್ಮಾನ ಮಾಡಬೇಡಿ.

ಅಳೆಯುವ ಕಷ್ಟ

ನನ್ನ ಪ್ರಕಾರ ಈ ವಿಷಯದಲ್ಲಿ ಓದುವುದಕ್ಕಿಂತ ಅಳೆಯುವುದೇ ಹೆಚ್ಚು ಕಲಿಸುತ್ತದೆ. ಬೆಂಗಳೂರನ್ನೇ ನೋಡಿ. ಜನವರಿ ಬೆಳಗ್ಗೆ ಹೊರಗೆ 16 ಡಿಗ್ರಿ ಆಸುಪಾಸು. ಸ್ಕೂಟರಿನಲ್ಲಿ ಬಂದವರ ಬೆರಳು ಮಂಜಿನಂತಿರುತ್ತದೆ. ಅವರನ್ನು ಹಾಗೇ ಮಂಚದ ಮೇಲೆ ಮಲಗಿಸಿದರೆ ಸೂಜಿ ಇಲ್ಲದೆಯೂ ಅರ್ಧ ಗಂಟೆಯಲ್ಲಿ ಬೆರಳು ಬೆಚ್ಚಗಾಗುತ್ತದೆ, ಅಲ್ವಾ? ಏಪ್ರಿಲ್ ಮಧ್ಯಾಹ್ನದ 34 ಡಿಗ್ರಿಯಲ್ಲಿ ಕಥೆ ತಿರುವುಮುರುವು. ಬೆರಳು ಆಗಲೇ 35 ಮುಟ್ಟಿರುತ್ತದೆ. ಏರಲು ಜಾಗವೇ ಇರುವುದಿಲ್ಲ. ಅದೇ ಸೂಜಿ, ಅದೇ ಬಿಂದು, ಜನವರಿಯಲ್ಲಿ ಅದ್ಭುತ, ಏಪ್ರಿಲ್‌ನಲ್ಲಿ ಶೂನ್ಯ!

ಅದಕ್ಕೇ ಕೋಣೆಯ ಹವೆಯನ್ನು 22–24 ಡಿಗ್ರಿಯ ಸುತ್ತ ಒಂದೇ ಮಟ್ಟದಲ್ಲಿಡಬೇಕು. ಫ್ಯಾನ್ ಗಾಳಿ ನೇರ ಬೀಳಬಾರದು. ಬಂದವರು ಕನಿಷ್ಠ 15–20 ನಿಮಿಷ ಸುಮ್ನೆ ಇರಬೇಕು. ದರ್ಶಿನಿಯ ಫಿಲ್ಟರ್ ಕಾಫಿ ಆಮೇಲೆ ಕುಡಿಯಲಿ. ಕೆಫೀನ್ ಮತ್ತು ನಿಕೋಟಿನ್ ಎರಡೂ ಬೆರಳಿನ ನಾಳಗಳನ್ನು ಬಿಗಿಯುತ್ತವೆ. ಒಂದು ದೀರ್ಘ ಉಸಿರು ಎಳೆದರೂ, ಮನಸ್ಸಿನಲ್ಲಿ ಲೆಕ್ಕ ಮಾಡಿದರೂ ಬೆರಳಿನ ರಕ್ತ ಹರಿವು ಕ್ಷಣಕಾಲ ಇಳಿಯುತ್ತದೆ. ಸೂಜಿ ಕಂಡರೆ ಹೆದರುವವರ ಬಗ್ಗೆ ಹೇಳಬೇಕಾಗಿಯೇ ಇಲ್ಲ.

ಕ್ಯಾಮೆರಾದ ಬಣ್ಣಕ್ಕೂ ಮರುಳಾಗಬೇಡಿ. ಕೆಂಪು, ನೀಲಿ ಎಲ್ಲ ನಾವು ಕೊಟ್ಟ ಬಣ್ಣ. ಸ್ಕೇಲ್ ಕಿರಿದು ಮಾಡಿದರೆ ಅರ್ಧ ಡಿಗ್ರಿಯೂ ಬೆಂಕಿಯಂತೆ ಕಾಣುತ್ತದೆ. ಎಸ್‌ಪಿ ರೋಡ್‌ನಲ್ಲಿ ಸಿಗುವ ಡಿಎಸ್ 18ಬಿ20 ಎಂಬ ಉಷ್ಣತೆ ಅಳೆಯುವ ಸೆನ್ಸರ್ ತಂದು ಬೆರಳಿಗೆ ಅಂಟಿಸಿ ನೋಡಬಹುದು. ಅದು 0.0625 ಡಿಗ್ರಿಯ ಬದಲಾವಣೆಯನ್ನೂ ತೋರಿಸುತ್ತದೆ, ಆದರೆ ನಿಖರತೆ ಅರ್ಧ ಡಿಗ್ರಿ ಆಚೀಚೆ. ಆದ್ದರಿಂದ ಒಂದೇ ಸೆನ್ಸರಿನ ಏರಿಳಿತ ನಂಬಿ. ಎರಡು ಸೆನ್ಸರುಗಳ ಅಂಕಿ ಹೋಲಿಸುವ ಮೊದಲು ಎರಡನ್ನೂ ಒಂದೇ ಲೋಟದ ನೀರಿನಲ್ಲಿಟ್ಟು ವ್ಯತ್ಯಾಸ ಬರೆದಿಟ್ಟುಕೊಳ್ಳಿ.

ಹೋಲಿಕೆಗೆ ಏನು ಇಟ್ಟುಕೊಳ್ಳಬೇಕು ಎಂಬುದು ಇನ್ನೂ ಸೂಕ್ಷ್ಮ. ಅದೇ ವ್ಯಕ್ತಿ ಇನ್ನೊಂದು ದಿನ ಅದೇ ಹೊತ್ತಿನಲ್ಲಿ ಸೂಜಿ ಇಲ್ಲದೆ ಮಲಗಿದ ಅಳತೆ ಬೇಕೇ ಬೇಕು. ಚರ್ಮದೊಳಗೆ ಇಳಿಯದೆ ಹಿಡಿಯೊಳಗೆ ಸರಿಯುವ ಮೊಂಡು ಸೂಜಿಯನ್ನು 1998ರಲ್ಲಿ ಸ್ಟ್ರೈಟ್‌ಬರ್ಗರ್ ಮತ್ತು ಕ್ಲೈನ್‌ಹೆನ್ಜ್ ಪರಿಚಯಿಸಿದರು. ಚುಚ್ಚಿದರು ಎಂದೇ ರೋಗಿಗೆ ಅನಿಸುತ್ತದೆ. ಆದರೆ ಅದೂ ಚರ್ಮವನ್ನು ಮುಟ್ಟುತ್ತದೆ, ಮುಟ್ಟಿದರೂ ನರ ಮಿಡಿಯುತ್ತದೆ. ಹಾಗಾಗಿ ಮೊಂಡು ಸೂಜಿಗೂ ಅಷ್ಟೇ ಬಿಸುಪು ಬಂದರೆ ಚರ್ಮದೊಳಗೆ ಇಳಿಸಿದ್ದರಿಂದ ವಿಶೇಷ ಲಾಭ ಕಾಣಲಿಲ್ಲ ಎಂದಷ್ಟೇ ಹೇಳಬಹುದು. ಏನೂ ಆಗಲಿಲ್ಲ ಎಂದು ಹೇಳಲಾಗದು.

ಗ್ರಾಫ್ ಹಾಕುವಾಗ ಬೆರಳಿನ ಉಷ್ಣತೆ ಒಂದನ್ನೇ ಹಾಕಬೇಡಿ. ಮುಂಗೈ ಉಷ್ಣತೆಯಿಂದ ಬೆರಳಿನದನ್ನು ಕಳೆಯಿರಿ. ಅರಿವಳಿಕೆ ತಜ್ಞರು ಈ ಅಂತರ 4 ಡಿಗ್ರಿ ದಾಟಿದರೆ ನಾಳ ಗಟ್ಟಿಯಾಗಿ ಬಿಗಿದಿದೆ ಎಂದು ಎಣಿಸುತ್ತಾರೆ. ಕೋಣೆಯೇ ಬಿಸಿಯಾದರೆ ಮುಂಗೈಯೂ ಬೆರಳೂ ಜೊತೆಗೆ ಏರಬಹುದು, ಅಂತರ ಅಷ್ಟಾಗಿ ಬದಲಾಗುವುದಿಲ್ಲ. ಸಿಂಪಥೆಟಿಕ್ ಬಿಗಿ ಸಡಿಲವಾದರೆ ಬೆರಳು ಮುಂಗೈಯನ್ನು ಹಿಡಿಯಲು ಓಡುತ್ತದೆ, ಅಂತರ ಸೊನ್ನೆಯತ್ತ ಇಳಿಯುತ್ತದೆ. ಸೂಜಿ ಹಾಕಿದ ದಿನ ಮತ್ತು ಹಾಕದ ದಿನದ ಎರಡು ಗೆರೆಗಳನ್ನು ಒಂದೇ ಹಾಳೆಯಲ್ಲಿ ಬರೆದು ನೋಡಿ. ಅವೆರಡರ ನಡುವೆ ಉಳಿಯುವ ಜಾಗವೇ ಸೂಜಿಯ ಪಾಲು.